ಚೆನ್ನಾಗಿರುವ ಕಣ್ಣಿಗೆ ಪಟ್ಟಿ

“ಈ ಕಣ್ಣಿಗೆ ಪಟ್ಟಿ ಹಾಕು ಅಂತ ಯಾರಮ್ಮ ಹೇಳಿದ್ದು?”

ಕಣ್ಣಿನ ಡಾಕ್ಟರ್ ಕೇಳಿದ್ದೇ ತಡ, ಪಟಾಕಿ ಬೆಪ್ಪಾದಳು. ಎಲ್ಲದಕ್ಕೂ ಪಟಪಟ ಸಿಡಿಯುವ ಅವಳಿಗೆ ಅಜ್ಜಿ ಇಟ್ಟ ಹೆಸರು ಅದು. ಇವತ್ತು ಮಾತ್ರ ಠುಸ್.

ಅವಳ ಎಡಗಣ್ಣಿಗೆ ಎಲ್ಲವೂ ಮಂಜು ಮಂಜು. ಕನ್ನಡಕದ ಜೊತೆ ದಿನಕ್ಕೆರಡು ಗಂಟೆ ಪಟ್ಟಿಯನ್ನೂ ಹಾಕಬೇಕು ಅಂತ ಹೋದ ತಿಂಗಳು ಡಾಕ್ಟರ್ ಬರೆದುಕೊಟ್ಟಿದ್ದರು. ತಿಂಗಳಿಡೀ, ಕ್ಲಾಸಿನಲ್ಲಿ ‘ಒಕ್ಕಣ್ಣಿ’ ಅನ್ನಿಸಿಕೊಂಡರೂ, ಒಂದು ದಿನವೂ ತಪ್ಪಿಸದೆ ಅವಳು ಎಡಗಣ್ಣಿಗೇ ಅಂಟಿಸಿಕೊಂಡಿದ್ದಳು.

“ನಾನೇ ಮೇಡಂ,” ಅಂದಳು ಅಮ್ಮ. ಅವಳು ಟೈಲರ್. “ಹರಿದ ಕಡೆ ತಾನೇ ತೇಪೆ ಹಾಕೋದು? ಕೇಳೋಣ ಅಂದ್ಕೊಂಡೆ. ಹೊರಗೆ ಅಷ್ಟು ಜನ ಕಾಯ್ತಿದ್ರು...”

ಡಾಕ್ಟರ್ ನಗಲಿಲ್ಲ. “ನಂದೂ ತಪ್ಪಿದೆ. ಚೀಟೀಲಿ ಬರೆದು ಕಳಿಸಿಬಿಟ್ಟೆ, ಯಾವ ಕಣ್ಣಿಗೆ ಅಂತ ಬಿಡಿಸಿ ಹೇಳ್ಲಿಲ್ಲ. ಪಟ್ಟಿ ಹಾಕ್ಬೇಕಾದ್ದು ಬಲಗಣ್ಣಿಗೆ.”

ಪಟಾಕಿಗೆ ತಲೆಬುಡ ಅರ್ಥವಾಗಲಿಲ್ಲ. “ಅದು ಚೆನ್ನಾಗಿದೆಯಲ್ಲ! ಪಾಪ, ಅದೇನು ತಪ್ಪು ಮಾಡ್ತು?”

“ಎಲ್ಲಾ ಕೆಲಸ ಅದೇ ಮಾಡಿಬಿಡುತ್ತೆ. ಹಾಗಾಗಿ ಎಡಗಣ್ಣು ನೋಡೋದನ್ನ ಕಲ್ತೇ ಇಲ್ಲ.”

ನೋಡೋದನ್ನೂ ಕಲೀಬೇಕಾ? ಪಟಾಕಿಯ ತಲೆ ಇನ್ನಷ್ಟು ಗೋಜಲಾಯಿತು.

“ತಡ ಆಗೋಯ್ತಾ ಮೇಡಂ?” ಅಮ್ಮನ ದನಿ ಸಣ್ಣಗಾಗಿತ್ತು.

“ದೊಡ್ಡವಳಾದ ಮೇಲೆ ಕಷ್ಟ. ಈಗ ಟೈಮ್ ಇದೆ. ಇವತ್ತೇ ಶುರು ಮಾಡಿ.”

ಮನೆಯಲ್ಲಿ ಬಲಗಣ್ಣು ಮುಚ್ಚಿ ಕನ್ನಡಕ ಹಾಕಿಕೊಂಡಿದ್ದೇ ತಡ, ಲೋಕವೇ ಕರಗಿತು. ಹೊಲಿಗೆ ಮಿಷನ್ ಒಂದು ಕಪ್ಪು ಗುಡ್ಡೆ. ಅಮ್ಮನ ಮುಖ ಒದ್ದೆ ಕಾಗದದ ಮೇಲೆ ಹರಡಿದ ಬಣ್ಣ.

“ಏನೂ ಕಾಣಲ್ಲ! ಕಿತ್ತು ಹಾಕ್ತೀನಿ!”

“ತಡಿ, ತಡಿ.” ಗುಂಡಿ ಡಬ್ಬಿಯನ್ನು ಅಮ್ಮ ಬಿಳಿ ಬಟ್ಟೆಯ ಮೇಲೆ ಸುರಿದಳು. “ಒಂದು ಅಂಗಿಗೆ ಕೆಂಪು ಗುಂಡಿ ಬೇಕಿತ್ತು. ಹುಡುಕಿ ಕೊಡ್ತೀಯಾ?”

ಪಟಾಕಿ ತಡವಿದಳು. ಕೆಂಪೋ, ಕಂದೋ? ಎಲ್ಲ ಒಂದೇ ಥರ. ಅಷ್ಟರಲ್ಲಿ ಅಮ್ಮನ ಕೈ ಗುಂಡಿಗಳ ಕಡೆ ಬಂತು. ಅರ್ಧಕ್ಕೇ ನಿಂತಿತು. ಹಿಂದೆ ಸರಿದು ಮಡಿಲೊಳಗೆ ಮುದುಡಿಕೊಂಡಿತು.

ಮಸುಕುಮಸುಕಾಗಿ ಕಂಡ ಆ ಕೈಯನ್ನು ಪಟಾಕಿ ನೋಡಿದಳು.

“ನೀನು ಹುಡುಕ್ಬೇಡಮ್ಮ,” ಅಂದಳು ಮೆಲ್ಲಗೆ. “ನಿಧಾನ ಆದ್ರೂ ಪರವಾಗಿಲ್ಲ.”

ಒಂದು ಗುಂಡಿಯನ್ನು ಮೂಗಿನ ಹತ್ತಿರ ತಂದಳು. ನಡುವೆ ಏನೋ ಕಪ್ಪು ಚುಕ್ಕೆ. ಒಂದಲ್ಲ, ಎರಡು. ಇಲ್ಲ ಇಲ್ಲ, ನಾಲ್ಕು.