ಬಿಸಿಲುಪಟ್ಟದ ಲೇಪ

ಕರಿಬಂಡೆಯ ಬೆಟ್ಟದ ಮೇಲೆ ಕರಿಬಂಡೆಯಿಂದಲೇ ಕಟ್ಟಿದ ತಪನಗಿರಿಯು ವೈಶಾಖ ಬಂತೆಂದರೆ ಕಾದ ಹಂಚಾಗುತ್ತಿತ್ತು. ಅಂಗಡಿಬೀದಿಯ ವರ್ತಕರು ಲಾವಂಚದ ಚಾಪೆಗಳನ್ನು ನೀರಿನಲ್ಲಿ ನೆನೆಸಿ ಬಾಗಿಲಿಗೆ ಇಳಿಬಿಡುತ್ತಿದ್ದರು. ಗರಡಿಯ ಜಟ್ಟಿಗಳು ಮೈಗೆ ಎಳ್ಳೆಣ್ಣೆ ತಿಕ್ಕದೆ ಹೊರಗೆ ಕಾಲಿಡುತ್ತಿರಲಿಲ್ಲ. ಕೋಟೆಯ ಕಾವಲಿನವರು ಮುಂಡಾಸಿನೊಳಗೆ ಈರುಳ್ಳಿ ಇಟ್ಟುಕೊಂಡು ಸೂರ್ಯನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಅಂತಃಪುರದ ಸ್ತ್ರೀಯರಂತೂ ಹೆಸರುಹಿಟ್ಟಿಗೆ ಮೊಸರು ಕಲಸಿ ಮೈಯುಜ್ಜಿ, ಲೋಳೆಸರದ ತಿರುಳನ್ನು ಸವರಿಕೊಂಡು, ಸಂಜೆಯವರೆಗೆ ನೆರಳು ಬಿಟ್ಟು ಕದಲುತ್ತಿರಲಿಲ್ಲ.

ಇಂಥ ಊರಿಗೆ ಅರಸನಾಗಬೇಕಾದವನಿಗೆ ಮಾತ್ರ ನೆರಳಿನ ಭಾಗ್ಯವಿರಲಿಲ್ಲ. ರಾಜವಂಶದ ಮೂಲಪುರುಷನು ಇದೇ ಬೆಟ್ಟದ ತಪ್ಪಲಿನಲ್ಲಿ ದನ ಕಾಯುತ್ತಿದ್ದವನಂತೆ. ಅವನ ನೆನಪಿಗೆಂದು, ಪಟ್ಟಕ್ಕೆ ಬರುವವನು ವೈಶಾಖದಲ್ಲಿ ಒಂದು ಹಗಲು ಬರಿಮೈಯಲ್ಲಿ ಕೆರೆಯ ದಡದ ಬಂಡೆಯ ಮೇಲೆ ನಿಲ್ಲಬೇಕಿತ್ತು. ಮೂರನೆಯ ದಿನ ಮೈಪರೀಕ್ಷೆ. ಚರ್ಮದ ಮೇಲೆ ಬೊಬ್ಬೆಯೆದ್ದಿದ್ದರೆ ಸೂರ್ಯದೇವನು ಒಲ್ಲೆನೆಂದನೆಂದು ತಿಳಿದು, ಪಟ್ಟವನ್ನು ದಾಯಾದಿಗೆ ಕಟ್ಟುವರು. ಇದಕ್ಕೆ ಬಿಸಿಲುಪಟ್ಟವೆಂದು ಹೆಸರು. ಅರಮನೆಯ ಗಂಧಶಾಲೆಯಲ್ಲಿ ಸಿದ್ಧವಾದ ಲೇಪವನ್ನು ಹಚ್ಚಿಕೊಳ್ಳಲು ಅಪ್ಪಣೆಯುಂಟು. ಆದರೆ ಲೇಪ ಮಾಡಿದವನೂ ಅದೇ ಲೇಪವನ್ನು ತನ್ನ ಎಡಗೈಗೆ ಬಳಿದುಕೊಂಡು ಬಂಡೆಯ ಕೆಳಗೆ ಬಿಸಿಲಲ್ಲಿ ನಿಲ್ಲಬೇಕು. ಅದು ಹೊಣೆಗೈ. ಯುವರಾಜನ ಮೈ ಬೆಂದರೆ ಆ ಕೈಯನ್ನು ಕಡಿಯುವರು.

ಆ ವರ್ಷ ನಿಲ್ಲಬೇಕಾಗಿದ್ದವನು ಹದಿನೆಂಟರ ಯುವರಾಜ ಕಂಚರಸ. ಅವನ ತಂದೆ ತೀರಿಕೊಂಡಂದಿನಿಂದ ಮಗನ ಹೆಸರಿನಲ್ಲಿ ರಾಜ್ಯವಾಳುತ್ತಿದ್ದವಳು ತಾಯಿ ಹೊನ್ನಲದೇವಿ. ಲೇಪದ ಹೊಣೆ ಗಂಧಾಧಿಕಾರಿ ಕೇತಯ್ಯನದು. ಯುವರಾಜ ಸೋತರೆ ಪಟ್ಟವೇರಬೇಕಾದ ದಾಯಾದಿಯು ದಂಡನಾಯಕ ಬಮ್ಮರಸ. ಮಾತಿನಲ್ಲಿ ಬೆಣ್ಣೆ, ಮನಸ್ಸಿನಲ್ಲಿ ಏನೆಂಬುದು ಅವನ ಹೆಂಡತಿಗೂ ತಿಳಿಯದು.

ಬಿಸಿಲುಪಟ್ಟದ ಮುಂಜಾನೆ ಕೇತಯ್ಯ ಗಂಧಶಾಲೆಯ ಒಳಗೂಡಿನಿಂದ ಒಂದು ಕೊಂಬಿನ ಕುಪ್ಪಿಯನ್ನು ತೆಗೆದ. ಕುಪ್ಪಿ ಬರಿದಾಗಿತ್ತು.

ಅದರಲ್ಲಿದ್ದುದು ಬಾವಂಚಿ ಬೀಜದ ಎಣ್ಣೆ. ತೊನ್ನಿನ ಬಿಳಿಮಚ್ಚೆಗೆ ಹನಿಯಷ್ಟು ಹಚ್ಚಿ ಎಳೆಬಿಸಿಲಿಗೆ ಅರೆಗಳಿಗೆ ಒಡ್ಡಿದರೆ ಅದು ಔಷಧ. ಮೈತುಂಬ ಹಚ್ಚಿ ಕಡುಬಿಸಿಲಿಗೆ ನಿಂತರೆ ಬೆಂಕಿ. ಆ ಉರಿ ಅಂದೇ ಕಾಣಿಸದು. ಮಾರನೆಯ ದಿನ ಕೆಂಪಾಗಿ, ಮೂರನೆಯ ದಿನ ಬೊಬ್ಬೆಯಾಗಿ ಏಳುವುದು.

ಹಿಂದಿನ ಸಂಜೆ ನಡೆದದ್ದೆಲ್ಲ ಕೇತಯ್ಯನ ಕಣ್ಣಮುಂದೆ ಬಂತು. ಶ್ರೀಗಂಧ, ಲಾವಂಚ, ಲೋಳೆಸರ, ಎಳ್ಳೆಣ್ಣೆಗಳನ್ನು ಹದವಾಗಿ ಬೆರೆಸಿದ ಲೇಪದ ಭರಣಿಗೆ ಮುದ್ರೆಯೊತ್ತಲು ಪದ್ಧತಿಯಂತೆ ದಂಡನಾಯಕನೇ ಬಂದಿದ್ದ. ಬಂದ ಅತಿಥಿಗೆ ಲಾವಂಚದ ತಣ್ಣೀರನ್ನು ಅಧಿಕಾರಿಯೇ ತನ್ನ ಕೈಯಾರೆ ತಂದುಕೊಡುವುದು ಗಂಧಶಾಲೆಯ ಮರ್ಯಾದೆ. ಕೇತಯ್ಯ ನೀರಿನ ಕೋಣೆಗೆ ಹೋಗಿ ಬರುವಷ್ಟರಲ್ಲಿ ಭರಣಿಯ ಬಾಯಿಗೆ ಅರಗು ಬಿದ್ದು ಮುದ್ರೆಯಾಗಿತ್ತು. ದಂಡನಾಯಕನು ನೀರು ಕುಡಿದು, ಬಲಗೈಯನ್ನು ಶಲ್ಯದಲ್ಲಿ ಒರೆಸಿಕೊಂಡು, "ಬಹಳ ತಂಪಾಗಿದೆ, ಕೇತಯ್ಯನವರೇ" ಎಂದು ನಕ್ಕಿದ್ದ. ಹಾಳಾದ ಮರ್ಯಾದೆ!

ಹೋಗಿ ದೂರು ಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೊಡುವಂತಿರಲಿಲ್ಲ. ಬಾವಂಚಿಯ ಹೆಸರೆತ್ತಿದರೆ ಅದು ಗಂಧಶಾಲೆಗೆ ಯಾರಿಗಾಗಿ ಬಂತು ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಉತ್ತರ ಬಲ್ಲವರು ಇಬ್ಬರೇ. ಕೇತಯ್ಯ ಎದೆ ಹಿಡಿದುಕೊಂಡು ಆ ಇನ್ನೊಬ್ಬರ ಬಳಿಗೆ ಓಡಿದ.

ಹೊನ್ನಲದೇವಿಯು ಬೆರಳಿನ ಗಿಣ್ಣುಗಳವರೆಗೂ ಇಳಿಯುವ ತೋಳಿನ ಕುಪ್ಪಸ ತೊಟ್ಟು ಪೂಜೆಗೆ ಕುಳಿತಿದ್ದಳು. ಆ ತೋಳುಗಳ ಕೆಳಗೆ, ಮುಂಗೈಯಿಂದ ಮೊಳಕೈಯವರೆಗೆ, ಬಿಸಿಲು ತಾಳದ ಬಿಳಿಯ ಮಚ್ಚೆಗಳು ಹಬ್ಬಿದ್ದವು. ತೊನ್ನು ಹತ್ತಿದವರು ರಾಜಮುದ್ರೆಯನ್ನು ಮುಟ್ಟಬಾರದೆಂಬುದು ಆ ನಾಡಿನ ಕಟ್ಟಳೆ.

ಎಲ್ಲವನ್ನೂ ಕೇಳಿ ರಾಣಿಯ ಮುಖ ಬಿಳಿಚಿಕೊಂಡಿತು. "ಭರಣಿಯನ್ನು ಬದಲಾಯಿಸಲಾಗದೆ?"

"ದೇವಾಲಯದಲ್ಲಿದೆ ತಾಯಿ, ದಂಡನಾಯಕರ ಕಾವಲಿನಲ್ಲಿ. ಬಂಡೆಯ ಬಳಿ ನನ್ನ ಕೈಗೆ ಬರುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ."

"ಹಾಗಿದ್ದರೆ ನಿಜ ಹೇಳಿಬಿಡಿ, ಕೇತಯ್ಯ. ನನ್ನ ಕೈಗಳನ್ನು ಸಭೆಗೆ ನಾನೇ ತೋರಿಸುತ್ತೇನೆ. ನನ್ನ ಮಾನ ಹೋದರೂ ಮಗನ ಮೈ ಉಳಿಯಲಿ."

"ಮೈ ಉಳಿಯುತ್ತದೆ, ಪಟ್ಟ ಉಳಿಯುವುದಿಲ್ಲ. ತಮ್ಮ ಮುದ್ರೆ ಬಿದ್ದ ಆಜ್ಞೆಗಳೆಲ್ಲ ಅಸಿಂಧು, ಬಿಸಿಲುಪಟ್ಟದ ಆಜ್ಞೆಯೂ ಸೇರಿ. ದಂಡನಾಯಕರಿಗೆ ಹೇಗೋ ಗುಮಾನಿ ಹತ್ತಿದೆ, ಎರಡು ಬಾಯಿಯ ಬಲೆ ಒಡ್ಡಿದ್ದಾರೆ. ನಾವು ಮಾತಾಡಿದರೂ ಅವರಿಗೆ ಲಾಭ, ಸುಮ್ಮನಿದ್ದರೂ ಲಾಭ."

"ಮತ್ತೇನು ಮಾಡುವಿರಿ?"

"ತಿಳಿಯದು ತಾಯಿ" ಎಂದ ಕೇತಯ್ಯ. "ನಿಜವಾಗಿಯೂ ತಿಳಿಯದು. ಆದರೆ ಆ ಲೇಪವನ್ನು ಕುಮಾರರ ಮೈಗೆ ಸೋಕಗೊಡೆನು."

ಸೂರ್ಯನು ಕೋಟೆಗೋಡೆಯ ಮೇಲೆ ಬರುವಾಗ ಕೆರೆಯ ದಡದಲ್ಲಿ ಪುರಜನರು ಕಿಕ್ಕಿರಿದಿದ್ದರು. ಕಂಚರಸನು ಬರಿಮೈಯಲ್ಲಿ ಬಂಡೆಯೇರಿದ. ಪದ್ಧತಿಯಂತೆ ಸಾಕ್ಷಿಯಾಗಿ ಬಮ್ಮರಸನೂ ಕೊಡೆಯಿಲ್ಲದೆ, ಶಲ್ಯವಿಲ್ಲದೆ ಬಿಸಿಲಿನಲ್ಲಿ ನಿಂತ. ಪುರೋಹಿತರು ಭರಣಿಯನ್ನು ತಂದು ಮುದ್ರೆಯೊಡೆದು ಕೇತಯ್ಯನ ಕೈಗಿತ್ತರು.

"ಮೊದಲು ಹೊಣೆಗೈ" ಎಂದರು.

ಕೇತಯ್ಯ ಭರಣಿಯೊಳಗೆ ಕೈಯದ್ದಿದ. ಆ ಕ್ಷಣದವರೆಗೂ ಅವನಿಗೆ ದಾರಿ ಕಂಡಿರಲಿಲ್ಲ. ತಣ್ಣನೆಯ ಲೇಪ ಬೆರಳಿಗೆ ಸೋಕಿದೊಡನೆ ಕಂಡಿತು. ಚೆಲ್ಲಿದರೆ ಕಾರಣ ಹೇಳಬೇಕು, ಹೊಣೆಯೆಂದು ಬಳಿದುಕೊಂಡರೆ ಹೇಳಬೇಕಿಲ್ಲ. ಎಡಗೈಗೆ ಬಳಿದುಕೊಂಡ, ಬಲಗೈಗೆ ಬಳಿದುಕೊಂಡ, ಅಂಗವಸ್ತ್ರವನ್ನು ಕಿತ್ತೆಸೆದು ಎದೆಗೆ, ಬೆನ್ನಿಗೆ, ಕೊನೆಗೆ ಮುಖಕ್ಕೆ, ಕಣ್ಣುಗಳ ಸುತ್ತಲಿಗೂ ಬಾಚಿ ಬಾಚಿ ಬಳಿದುಕೊಂಡ. ಜನ ಹುಚ್ಚು ಹಿಡಿಯಿತೆಂದು ಕೂಗಿದರು.

"ನಿಲ್ಲಿಸಿ!" ಬಮ್ಮರಸ ಗುಡುಗಿದ. "ಅದು ಯುವರಾಜರ ಲೇಪ!"

"ಹೊಣೆಗೈಗೆ ಎಷ್ಟು ಲೇಪವೆಂದು ಪದ್ಧತಿ ಹೇಳಿಲ್ಲ, ದಂಡನಾಯಕರೇ" ಎಂದ ಕೇತಯ್ಯ, ಭರಣಿಯ ತಳವನ್ನು ಒರೆಸುತ್ತ. "ಇಂದು ನನ್ನ ಮೈಯೆಲ್ಲ ಹೊಣೆ."

"ಹಾಗಾದರೆ ಯುವರಾಜರು ಲೇಪವಿಲ್ಲದೆಯೇ ನಿಲ್ಲಲಿ!"

ಕೇತಯ್ಯ ಬಂಡೆಯತ್ತ ಮುಖವೆತ್ತಿ ಮಂಡಿಯೂರಿದ. "ಸ್ವಾಮೀ, ಕಾರಣ ಕೇಳಬೇಡಿ. ತಮ್ಮ ಮೂಲಪುರುಷರು ದನ ಕಾಯುವಾಗ ಯಾವ ಗಂಧಶಾಲೆಯ ಲೇಪ ಹಚ್ಚಿಕೊಂಡಿದ್ದರು?"

ಯುವರಾಜನು ಆ ವೃದ್ಧನ ಮುಖವನ್ನೇ ದಿಟ್ಟಿಸಿದ. ಹುಟ್ಟಿದಂದಿನಿಂದ ತನ್ನ ಮೈಗೆ ಎಣ್ಣೆಯೊತ್ತಿದ ಕೈಗಳು ಅವು. ಕೆರೆಯಲ್ಲಿ ಎಮ್ಮೆಗಳು ಕೆಸರು ಮೆತ್ತಿಕೊಂಡು ಸುಖವಾಗಿ ಮಲಗಿದ್ದವು. ಅವನ ದೃಷ್ಟಿ ಅಲ್ಲಿಗೆ ಹೋಯಿತು.

"ಕೆರೆಯ ಗೋಡುಮಣ್ಣು ತನ್ನಿ" ಎಂದ. "ಮಜ್ಜಿಗೆಯಲ್ಲಿ ಕಲಸಿ ತನ್ನಿ. ನಮ್ಮ ಹಿರಿಯರಿಗೆ ಸಾಕಾದದ್ದು ನನಗೂ ಸಾಕು."

ಮೂಲಪುರುಷನ ಹೆಸರು ಕೇಳಿ ಪುರೋಹಿತರು ಒಪ್ಪಿ ತಲೆದೂಗಿದರು. ಹೆಂಗಸರು ಗಡಿಗೆಗಟ್ಟಲೆ ಮಜ್ಜಿಗೆ ತಂದರು. ಅಡಿಯಿಂದ ಮುಡಿಯವರೆಗೆ ದಪ್ಪನಾಗಿ ಮಣ್ಣು ಮೆತ್ತಿಸಿಕೊಂಡು, ಒಣಗಿ ಬಿರಿದಲ್ಲೆಲ್ಲ ಮತ್ತೆ ಮೆತ್ತಿಸಿಕೊಂಡು, ಯುವರಾಜ ಸಂಜೆಯವರೆಗೆ ನಿಂತ. ಕೆಳಗೆ ಕೇತಯ್ಯನೂ ನಿಂತ. ತನ್ನ ಚರ್ಮಕ್ಕೆ ಏನಾಗುತ್ತದೆಂಬುದನ್ನು ಬಲ್ಲವನು ಅಷ್ಟು ಜನರ ನಡುವೆ ಅವನೊಬ್ಬನೇ, ಬಮ್ಮರಸನನ್ನು ಬಿಟ್ಟರೆ.

ಮೂರನೆಯ ದಿನದ ಸಭೆಯಲ್ಲಿ ಪುರೋಹಿತರು ಕಂಚರಸನ ಮೈಯನ್ನು ಅಂಗುಲ ಬಿಡದೆ ಪರೀಕ್ಷಿಸಿ, ಚರ್ಮ ತುಸು ಕಂದಿದೆಯಲ್ಲದೆ ಎಲ್ಲಿಯೂ ಬೊಬ್ಬೆಯಿಲ್ಲವೆಂದು ಸಾರಿದರು. ತೆರೆಯ ಹಿಂದೆ ಹೊನ್ನಲದೇವಿ ಕಣ್ಣೊರೆಸಿಕೊಂಡಳು. ಬಳಿಕ ಕೇತಯ್ಯನನ್ನು ಇಬ್ಬರು ಹಿಡಿದುಕೊಂಡು ಬಂದರು. ಮೈಯೆಲ್ಲ ನೀರುಗುಳ್ಳೆ, ಮುಖ ಊದಿ ಕಣ್ಣುಗಳು ಮುಚ್ಚಿಹೋಗಿದ್ದವು. ಸಭೆ ಮುಖ ತಿರುಗಿಸಿತು.

"ನೋಡಿದಿರಾ!" ಎಂದ ಬಮ್ಮರಸ. "ಈ ವಿಷವನ್ನು ಯುವರಾಜರಿಗೆಂದೇ ಕಲಸಿ, ಕಡೆಯ ಗಳಿಗೆಯಲ್ಲಿ ಹೆದರಿದ ದ್ರೋಹಿ! ಶೂಲಕ್ಕೇರಿಸಬೇಕು."

ಆದರೆ ಕಂಚರಸ ದಂಡನಾಯಕನ ಬಲಗೈಯನ್ನು ನೋಡುತ್ತಿದ್ದ. ವೈಶಾಖದ ಆ ಸೆಕೆಯಲ್ಲಿ ಅದಕ್ಕೆ ದಪ್ಪ ಶಾಲು ಸುತ್ತಿತ್ತು.

"ದಂಡನಾಯಕರೇ, ಶಾಲು ತೆಗೆಯಿರಿ."

"ಕುದುರೆಯ ಲಗಾಮು ಉಜ್ಜಿ ಗಾಯವಾಗಿದೆ, ಪ್ರಭು..."

"ತೆಗೆಯಿರಿ."

ಕಾವಲಿನವರು ಶಾಲು ಬಿಚ್ಚಿದರು. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ, ಎಣ್ಣೆ ತುಳುಕಿ ಹರಿದ ಜಾಡಿನಲ್ಲೇ, ಅದೇ ನೀರುಗುಳ್ಳೆಗಳ ಸಾಲು.

"ಅಂದು ನೀವು ಲೇಪವನ್ನು ಮುಟ್ಟಲೇ ಇಲ್ಲವಲ್ಲ" ಎಂದ ಯುವರಾಜ ಮೆಲ್ಲಗೆ.

ಸಿಕ್ಕಿಬಿದ್ದವನಿಗೆ ಉಳಿದದ್ದು ಒಂದೇ ಬಾಣ. "ಬಾವಂಚಿ!" ಎಂದು ಬಮ್ಮರಸ ಕಿರುಚಿದ. "ಹೌದು, ಸುರಿದೆ! ತೊನ್ನಿನ ಔಷಧ ಗಂಧಶಾಲೆಯಲ್ಲಿ ಯಾಕಿತ್ತು? ಕೇಳಿರಿ ಇವನನ್ನು! ಈ ಅರಮನೆಯಲ್ಲಿ ತೊನ್ನು ಯಾರಿಗೆ?"

ತೆರೆ ಅಲುಗಿತು. ಅದು ಸರಿಯುವ ಮೊದಲೇ ಕೇತಯ್ಯನ ಒಡಕು ಧ್ವನಿ ಕೇಳಿಸಿತು.

"ನನಗೆ."

"ಸುಳ್ಳು!"

"ನನಗೇ ಸ್ವಾಮಿ. ಕೆಲಸ ಹೋದೀತೆಂದು ಮುಚ್ಚಿಟ್ಟಿದ್ದೆ. ಬೇಕಾದರೆ ಮೈ ನೋಡಿಕೊಳ್ಳಿ."

ನೋಡಲು ಅವನ ಮೈಮೇಲೆ ಸುಡದ ಚರ್ಮವೇ ಇರಲಿಲ್ಲ. ಈ ಗಾಯಗಳೆಲ್ಲ ಮಾಯುವಾಗ ಬಿಳಿಯ ಕಲೆಗಳನ್ನೇ ಉಳಿಸುತ್ತವೆಂದೂ ಅವನು ಬಲ್ಲ. ತೊನ್ನಿನವನಿಗೆ ಗಂಧಶಾಲೆಯ ಹೊಸ್ತಿಲು ಇನ್ನಿಲ್ಲ. ಅಜ್ಜ, ತಂದೆ, ತಾನು ಬಾಳಿದ ಆ ಕೆಲಸವನ್ನು ಅವನು ಒಂದೇ ಮಾತಿನಲ್ಲಿ ತೊರೆದಿದ್ದ.

ಬಮ್ಮರಸನನ್ನು ಸೆರೆಮನೆಗೆ ಎಳೆದೊಯ್ದರು. ಹೊನ್ನಲದೇವಿಯು ಹೊರಬಂದು, ಉದ್ದ ತೋಳಿನ ಕುಪ್ಪಸದಲ್ಲಿಯೇ ಮಗನ ತಲೆಗೆ ಪಟ್ಟ ಕಟ್ಟಿದಳು. ವಾದ್ಯಗಳು ಮೊಳಗಿದವು. ಒಮ್ಮೆ ಕಟ್ಟಿದ ಪಟ್ಟವನ್ನು ಇಳಿಸುವ ಕಟ್ಟಳೆ ಆ ನಾಡಿನಲ್ಲಿರಲಿಲ್ಲ. ವಾದ್ಯಗಳು ನಿಲ್ಲುವವರೆಗೆ ಕಾದು, ರಾಣಿಯು ರಾಜಮುದ್ರೆಯನ್ನು ಮಗನ ಮುಂದಿಟ್ಟು, ತುಂಬಿದ ಸಭೆಯಲ್ಲಿ ತನ್ನ ಎರಡು ತೋಳುಗಳನ್ನೂ ಮೊಳಕೈಯ ಮೇಲಕ್ಕೆ ಸರಿಸಿದಳು.

"ತೊನ್ನು ನನಗೆ" ಎಂದಳು. "ಈ ಮಹಾನುಭಾವ ಹೇಳಿದ್ದು ಸುಳ್ಳು. ಆ ಸುಳ್ಳಿನ ಋಣವನ್ನು ಈ ಸಿಂಹಾಸನ ತೀರಿಸಲಾರದು."

ರಾಣಿಯು ಅಂಗಳಕ್ಕಿಳಿದು, ಕೇತಯ್ಯನನ್ನು ಮಲಗಿಸಿದ್ದ ಕಟ್ಟೆಯ ಬಳಿ ಕುಳಿತು, ಆ ಬರಿಗೈಗಳಿಂದಲೇ ಲೋಳೆಸರದ ತಿರುಳನ್ನು ಅವನ ಗಾಯಗಳಿಗೆ ಸವರತೊಡಗಿದಳು. ಅವಳ ಕಣ್ಣೀರು ಅವನ ತೋಳಿನ ಮೇಲೆ ಬಿತ್ತು.

ಕಣ್ಣು ಕಾಣದ ಕೇತಯ್ಯ ಆ ಸ್ಪರ್ಶವನ್ನು ಗುರುತಿಸಿದ. ಕಟ್ಟೆಯ ಕಲ್ಲು ಬಿಸಿಯಾಗುತ್ತಿರುವುದು ಅವನ ಬೆನ್ನಿಗೆ ತಿಳಿಯುತ್ತಿತ್ತು.

"ತಾಯಿ, ಬಿಸಿಲು ಏರುತ್ತಿದೆ" ಎಂದ, ಒಡೆದ ತುಟಿಗಳನ್ನು ಕಷ್ಟಪಟ್ಟು ಅಲುಗಿಸುತ್ತ. "ತಮ್ಮ ಕೈಗಳಿಗೆ ಇದು ಆಗದು. ನೆರಳಿಗೆ ಬನ್ನಿ."