ಅಕ್ಕಿಆಲೂರಿನ ಹಿತ್ತಿಲ ಮೊಲಗಳು

ಮೈಲಾರಪ್ಪನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ೧೯೭೯ರಲ್ಲಿ ಅಕ್ಕಿಆಲೂರಿನ ಹೊರಗಿದ್ದ ಅವನ ಮನೆಯನ್ನು ನಾನು ಕೊಂಡೆ. ಹಿತ್ತಿಲಲ್ಲಿ ಕಾಡುಮೊಲಗಳಿದ್ದವು. ಅವನ್ನು ಕಂಡು ನನ್ನ ಹೆಂಡತಿ ಭಾಗೀರಥಿ ಹಿಗ್ಗಿದ್ದಳು.

ಆದರೆ ಆಕೆ ಬೆಳೆಸಿದ ಮೆಂತ್ಯದ ಒಂದೆಲೆಯನ್ನೂ ಅವು ಮುಟ್ಟಲಿಲ್ಲ. ದಿನಾ ಮಧ್ಯಾಹ್ನ ಬಾವಿಯ ಪಕ್ಕದ ಖಾಲಿ ಜಾಗದ ಸುತ್ತ ಸೇರಿ, ಅದರತ್ತಲೇ ಮುಖಮಾಡಿ ಕೂರುತ್ತಿದ್ದವು. ಕಲ್ಲೆಸೆದರೂ ಕದಲುತ್ತಿರಲಿಲ್ಲ. ಡಿಸೆಂಬರಿನ ಒಂದು ಭಾನುವಾರ ರೇಗಿಹೋಗಿ, ಗುದ್ದಲಿ ತಂದು ಅಲ್ಲೇ ಅಗೆದೆ. ಸೊಂಟದ ಆಳದವರೆಗೂ ಏನೂ ಸಿಗಲಿಲ್ಲ. ಆದರೆ ಅಂಥ ಚಳಿಯಲ್ಲೂ ತಳದ ಮಣ್ಣು, ಆಗಷ್ಟೇ ಯಾರೋ ಎದ್ದುಹೋದ ಹಾಸಿಗೆಯ ಹಾಗೆ ಬೆಚ್ಚಗಿತ್ತು.

ಮರುದಿನ ಬೆಳಗಿನ ಬಸ್ಸಿಗೆ ಹಿರೇಕೆರೂರಿಗೆ ಹೋಗಿ, ಮೈಲಾರಪ್ಪನನ್ನು ಅವನ ಹೊಸ ಮನೆಯ ಬಾಗಿಲಲ್ಲೇ ಹಿಡಿದೆ.

“ಹಿತ್ತಲದಾಗ ಏನದ? ಮೊದಲ ಯಾಕ ಹೇಳಲಿಲ್ಲ?”

ಅವನು ನನ್ನ ಕೈಯ ಬೊಬ್ಬೆಗಳನ್ನು ನೋಡಿದ. “ಅಗದೀರೇನ್ರಿ?”

“ಹೌದು, ಅಗದೇನಿ.”

“ಹಂಗಾರ ನನ್ನ ಏನೂ ಕೇಳಬ್ಯಾಡ್ರಿ,” ಎಂದು ಬಾಗಿಲು ಹಾಕಿಕೊಂಡ. ಎಷ್ಟು ಬಡಿದರೂ ತೆಗೆಯಲಿಲ್ಲ.

ಮಧ್ಯಾಹ್ನ ಮನೆಗೆ ಬಂದಾಗ ಗುಂಡಿ ಮುಚ್ಚಿ ಮಟ್ಟಸವಾಗಿತ್ತು. ಮೊಲಗಳಿರಲಿಲ್ಲ. ಭಾಗೀರಥಿ ಅಡುಗೆಮನೆಯ ಹೊಸ್ತಿಲ ಮೇಲೆ ಅಕ್ಕಿ ಆರಿಸುತ್ತಿದ್ದಳು.

“ಗುಂಡಿ ಯಾರು ಮುಚ್ಚಿದ್ರು?” ಎಂದು ಕೇಳಿದೆ.

ಆಕೆ ಮೊರವನ್ನು ಕುಕ್ಕಿದಳು. “ನನ್ನ ಕೇಳತೀರಲ್ಲ? ಮುಂಜಾನಿಂದ ನೀವ ಮುಚ್ಚಿದ್ರಿ. ಊಟಕ್ಕ ಎಷ್ಟ ಕರದರೂ ಈ ಕಡೆ ಒಮ್ಮೆನೂ ತಿರುಗಿ ನೋಡಲಿಲ್ಲ.”