ಫೋನಿಗೆ ಕೇಳಿಸದ ಸ್ಯಾಕ್ಸೋಫೋನ್

ಪತ್ರಿಕೆಯ ಕಚೇರಿಗೆ ಯಂಕೇಶ ಕಾಲಿಟ್ಟ ರಭಸಕ್ಕೆ ಗೋಡೆಯ ಕ್ಯಾಲೆಂಡರ್ ಮೂರು ತಿಂಗಳು ಮುಂದೆ ಹಾರಿತು. ಸುಳ್ಳೆನಿಸಿದರೆ ಆ ಕ್ಯಾಲೆಂಡರನ್ನೇ ಕೇಳಿ!

"ಇದನ್ನ ಬರದೋರು ಯಾರ್ರಿ?"

ಮಹೇಶ್ವರಿ ತಲೆ ಎತ್ತಿದಳು. ಕೊಪ್ಪಳದ ಆ ವಾರಪತ್ರಿಕೆಯಲ್ಲಿ ಜಾಝ್ ಸಂಗೀತದ ಬಗ್ಗೆ ಅಂಕಣ ಬರೆಯುವವಳು ಅವಳೊಬ್ಬಳೇ. ಕೊಪ್ಪಳವೇನು, ತುಂಗಭದ್ರೆಯಿಂದ ಕೃಷ್ಣೆಯವರೆಗೆ ಅವಳೊಬ್ಬಳೇ!

"ನಾನ ರಿ. ಕುಂದರ್ರಿ."

"ಕುಂದರಾಕ ಬಂದಿಲ್ರಿ. ನಾ ಯಂಕೇಶ. ಭಾಗ್ಯನಗರದ ಮೆಹಬೂಬಸಾಬರ ಬ್ಯಾಂಡಿನ್ಯಾಗ ಸ್ಯಾಕ್ಸೋಫೋನ್ ಊದತಿದ್ದೆ. ನಿನ್ನಿಯಿಂದ ತಾಳ ಬಡಿಯಾಕತ್ತೀನಿ."

ಅವಳು ಪೆನ್ನು ಕೆಳಗಿಟ್ಟಳು. ಇವನೇನಾ...?

ಅದು 2007. ಮದುವೆ ಮೆರವಣಿಗೆಯಲ್ಲಿ ಸಿನಿಮಾ ಹಾಡಿನ ದಾರಿ ಬಿಟ್ಟು, ತನಗೆ ತೋಚಿದಂತೆ ಅಲೆದು, ತಾಳ ತಪ್ಪದೆ ಮತ್ತೆ ಹಾಡಿಗೆ ಮರಳುತ್ತಿದ್ದ ಅವನ ವಾದನವನ್ನು ಯಾರೋ ಹಿಡಿದ ಫೋನಿನಲ್ಲಿ ಕೇಳಿ, 'ನಮ್ಮೂರ ಜಾಝ್' ಎಂದು ಬರೆದವಳು ಅವಳೇ. ಅದನ್ನೋದಿ ಹನ್ನೊಂದು ಮಂದಿ ಅಭಿಮಾನಿಗಳು ಹುಟ್ಟಿಕೊಂಡಿದ್ದರು. ನನ್ನ ಪ್ರಕಾರ ಹನ್ನೊಂದು ಸಾವಿರ. ಮೆರವಣಿಗೆ ಯಾವ ಊರಲ್ಲಿ ಎಂದು ಮೊಬೈಲ್‌ಗೆ ಸಂದೇಶ ಹೋಗುತ್ತಿತ್ತು. ಹೋದವರು ಫೋನ್ ಎತ್ತಿ ಹಿಡಿದು, ಹೋಗದವರಿಗೆ ಕೇಳಿಸುತ್ತಿದ್ದರು.

ಆರು ತಿಂಗಳಿಂದ ಮಹೇಶ್ವರಿ ಫೋನನ್ನು ಕಿವಿಗೊತ್ತಿ ಆ ಉಸಿರನ್ನು ಕೇಳುತ್ತಿದ್ದಳು. ಮುಖ ನೋಡಿದ್ದು ಇಂದೇ.

ಅವನು ಪತ್ರಿಕೆ ಬಿಚ್ಚಿ ಓದಿದ. "'ಇರಕಲ್ಲಗಡದಲ್ಲಿ ಸ್ಯಾಕ್ಸೋಫೋನ್ ದಾರಿ ತಪ್ಪಿ, ನಡುವೆಯೇ ನಿಂತಿತು.' ನೀವು ಅಲ್ಲಿದ್ರೇನ್ರಿ?"

"ಇಲ್ರಿ. ಅಲ್ಲಿ ಪೋಸ್ಟಮನ್ ಶರಣಬಸಪ್ಪ ಅವರು ಫೋನ್ ಹಿಡದಿದ್ರು."

"ಆ ಓಣ್ಯಾಗ ಒಂದು ಮನಿ ಕಟ್ಟಿ ಮ್ಯಾಲೆ ಹೆಣ ಕುಂದರಿಸಿದ್ರು. ಸಾವಿನ ಮನಿ ಮುಂದ ಬಾಜಾ ಬಾರಸ್ತಾರೇನ್ರಿ? ಕೈ ಎತ್ತಿ ಎಲ್ಲಾರನ್ನೂ ನಾನ ನಿಲ್ಲಿಸಿದೆ. ಮನಸಿನ್ಯಾಗ ತಾಳ ಎಣಸಕೋಂತ ನಡದೆ. ಆ ಮನಿ ದಾಟಿದ ಮ್ಯಾಲೆ ಬಿಟ್ಟಲ್ಲಿಂದನ ಹಾಡು ಎತ್ತಿದೆ. ಅದು ಕೇಳಸಲಿಲ್ಲೇನು?"

"ಅಷ್ಟೊತ್ತಿಗೆ ಫೋನ್ ಇಟ್ಟಬಿಟ್ಟಿದ್ದೆ..."

"ನಿಮ್ಮ ಪೇಪರ್ ಓದಿ, ಯಲಬುರ್ಗಾದ ಬೀಗರು ಬ್ಯಾರೆ ಊದಾಂವ ಬೇಕಂದ್ರು. ಸಾಹೇಬರು ಸ್ಯಾಕ್ಸೋಫೋನ್ ಪೆಟ್ಟಿಗ್ಯಾಗಿಟ್ಟು ಕೀಲಿ ಹಾಕ್ಯಾರ. ಬರತೀನ್ರಿ."

ಅವನು ಹೋದ ಮೇಲೂ ಅವಳು ಅಲುಗಲಿಲ್ಲ. 'ಜಾಝ್‌ನಲ್ಲಿ ಮೌನವೂ ಸಂಗೀತ ಎಂದು ಬರೆದವಳು ನಾನೇ. ಆ ಮೌನ ಕಿವಿಗೆ ಬಂದಾಗ ಕಾಯಲಿಲ್ಲವಲ್ಲ...'

ಮುಂದಿನ ವಾರ ಇಡೀ ಅಂಕಣ ಅವಳ ತಪ್ಪಿಗೇ ಮೀಸಲಾಯಿತು. ಸಂಚಿಕೆ ಹಿಡಿದು ತಾನೇ ಮೆಹಬೂಬಸಾಬರ ಮನೆಗೆ ಹೋದಳು.

"ಓದಿ ಹೇಳವಾ, ಚಸ್ಮಾ ಎಲ್ಲೋ ಇಟ್ಟೀನಿ," ಎಂದರು ಮುದುಕರು. ಚಸ್ಮಾ ಅವರ ಹಣೆಯ ಮೇಲೇ ಇತ್ತು.

ಅವಳು ಓದಿದಳು: 'ವಾದಕ ದಾರಿ ತಪ್ಪಲಿಲ್ಲ. ಕೇಳುವವಳು ಮೊದಲೇ ಎದ್ದು ಹೋದಳು.'

"ನನಗ ಗೊತ್ತಿತ್ತವಾ. ಆದ್ರ ಬೀಗರು ನನ್ನ ಮಾತು ನಂಬತಾರೋ, ಪೇಪರ್ ನಂಬತಾರೋ?" ಎನ್ನುತ್ತ ಸಾಹೇಬರು ಸೊಂಟದ ಕೀಲಿಕೈ ಬಿಚ್ಚಿದರು.

ಮರಳಿ ಎಂಬ ಊರಿನ ಮದುವೆಗೆ ಮಹೇಶ್ವರಿ ತಾನೇ ಹೋದಳು. ಬೆಳಗಿನ ಬಿಸಿಲಲ್ಲಿ ಯಂಕೇಶ ಊದಿದ್ದೇ ತಡ, ಕಾಲುವೆಯಂಚಿನ ಭತ್ತ ಒಂದು ಗೇಣು ಬೆಳೆಯಿತು!

ಮೆರವಣಿಗೆ ನೀರಿಗೆಂದು ನಿಂತಾಗ ಅವನು ಬಳಿ ಬಂದ.

"ಇವತ್ತೂ ಬರಿಯಾಕ ಬಂದೀರೇನು?"

"ಇಲ್ರಿ. ನಿಮ್ಮ ಮ್ಯಾಲೆ ಮನಸಾಗೇತಿ. ಅದನ್ನ ಹೇಳಾಕ ಬಂದೆ."

ಅವನು ಮಾತನಾಡಲಿಲ್ಲ.

ಆ ಮೌನ ಒಂದು ಯುಗ ನಡೆಯಿತು. ಹೋಗಲೇ...? ಅವಳ ಕಾಲು ಒಮ್ಮೆ ತಿರುಗಿತು. ಇಲ್ಲ, ಈ ಸಲ ಇಲ್ಲ. ಬೆರಳು ಮಡಿಸುತ್ತ ಮನಸ್ಸಿನಲ್ಲೇ ತಾಳ ಎಣಿಸಿದಳು.

"ಲಗೂ ಹೇಳಪಾ," ಎಂದ ಪಕ್ಕದಲ್ಲೇ ಫೋನ್ ಎತ್ತಿ ಹಿಡಿದಿದ್ದ ಶರಣಬಸಪ್ಪ. "ಕುಷ್ಟಗಿಯವರು ಕಾಯಾಕತ್ತಾರ."

ಯಂಕೇಶ ಮೊದಲ ಬಾರಿಗೆ ನಕ್ಕ. "ಎಷ್ಟು ಎಣಸಿದ್ರಿ?"

"ಮೂವತ್ತೆರಡು."

"ಇನ್ನೂ ನಿಂತೀರಲ್ಲ?"

"ನೀವು ಹಾಡು ಎತ್ತೂತನಕಾ ನಿಲ್ಲಾಕಿ ನಾ."

"ಹಂಗಾರ ನನ್ನ ಬಾಜೂಕ ನಡೀರಿ."

ಅವನು ಸ್ಯಾಕ್ಸೋಫೋನ್ ತುಟಿಗಿಟ್ಟು, ಬಿಟ್ಟಲ್ಲಿಂದಲೇ ಹಾಡನ್ನೆತ್ತಿದ.